ಅರಮನೆಯ ಬಿರುದು, ಅಂತಃಪುರದ ಮಾತು



ವಿಜಯಪುರದಿಂದ ಬಬಲೇಶ್ವರದ ಕಡೆಗೆ ಹೊರಟರೆ ಡೋಣಿ ನದಿಯ ಎರೆ ಸೀಮೆಯಲ್ಲಿ ಸಾರವಾಡ ಸಿಗುತ್ತದೆ. ಆ ಭಾಗದ ಯಾವುದೇ ಶಾಲೆಯ ಹಾಜರಿ ಪುಸ್ತಕ ತೆರೆದು ಅಡ್ಡಹೆಸರುಗಳನ್ನಷ್ಟೇ ಓದುತ್ತ ಹೋಗಿ. ಪಾಟೀಲ, ಕುಲಕರ್ಣಿ, ದೇಸಾಯಿ, ದೇಶಪಾಂಡೆ, ನಾಡಗೌಡ, ಇನಾಮದಾರ, ಜಹಗೀರದಾರ, ಹವಾಲ್ದಾರ. ಇವೆಲ್ಲ ಮೊದಲು ಹೆಸರುಗಳಾಗಿರಲಿಲ್ಲ. ಯಾರೋ ಒಬ್ಬ ದೊರೆ ಕೊಟ್ಟ ಹುದ್ದೆಗಳು, ಮಾನಗಳು. ದೊರೆ ಹೋದ, ರಾಜ್ಯ ಹೋಯಿತು, ಹುದ್ದೆಯೂ ಹೋಯಿತು. ಹೆಸರು ಮಾತ್ರ ಮಕ್ಕಳ ಹಾಜರಿ ಪುಸ್ತಕದಲ್ಲಿ ಉಳಿಯಿತು.

ಪಕ್ಕದ ಮುಧೋಳ ಸಂಸ್ಥಾನದ ಘೋರ್ಪಡೆಯವರದು ಇನ್ನೂ ಸ್ವಾರಸ್ಯದ ಕಥೆ. ಮರಾಠಿಯಲ್ಲಿ ಘೋರ್ಪಡ ಎಂದರೆ ಉಡ. ತಮ್ಮ ಹಿರಿಯರು ಉಡದ ಸಹಾಯದಿಂದ ಕೋಟೆಯ ಗೋಡೆ ಹತ್ತಿದರು, ಅದಕ್ಕೆ ಮೆಚ್ಚಿ ಬಹಮನಿ ಸುಲ್ತಾನನು ಆ ಬಿರುದು ಕೊಟ್ಟನು ಎಂಬುದು ಆ ಮನೆತನದ ಹೇಳಿಕೆ.

ಮೆರವಣಿಗೆಗಳಲ್ಲಿ ಸಾರವಾಡದ ಗೊಂಬೆ ಕುಣಿತವನ್ನು ನೀವು ನೋಡಿರಬಹುದು. ಹೊರಗೆ ಆಳೆತ್ತರಕ್ಕೂ ಮಿಗಿಲಾದ ಗೊಂಬೆ, ಬಣ್ಣದ ಮುಖ, ದೊಡ್ಡ ಮೀಸೆ. ಒಳಗೆ ಅದನ್ನು ಹೊತ್ತು ಬೆವರುವ ಒಬ್ಬ ಮನುಷ್ಯ. ಚಿಕ್ಕ ಮಕ್ಕಳು ಮೊದಲು ಗೊಂಬೆಯ ಮುಖ ನೋಡುತ್ತಾರೆ. ಸ್ವಲ್ಪ ಧೈರ್ಯ ಬಂದ ಮೇಲೆ ಒಳಗಿರುವವರು ಯಾರೆಂದು ಇಣುಕುತ್ತಾರೆ. ರಾಜಮನೆತನಗಳ ವಿಷಯದಲ್ಲಿ ಎಲ್ಲ ಕಾಲದ ಜನರೂ ಹೀಗೆಯೇ ಮಾಡಿದ್ದಾರೆ. ಮೊದಲು ಬಿರುದಿಗೆ ಬೆರಗಾಗುವುದು. ಆಮೇಲೆ ಒಳಗಿನ ಸಂಗತಿ ಹೇಳುವ ಪುಸ್ತಕಕ್ಕೆ ಮುಗಿಬೀಳುವುದು. ಈ ಎರಡು ಕುತೂಹಲಗಳಿಂದ ಇತಿಹಾಸಕ್ಕೆ ಏನು ಸಿಗುತ್ತದೆ, ಏನು ತಪ್ಪಿಹೋಗುತ್ತದೆ ಎಂಬುದನ್ನು ನೋಡೋಣ. ಅದಕ್ಕೆ ಲಂಡನ್ನಿನವರೆಗೆ ಹೋಗಬೇಕಾಗಿಲ್ಲ. ನಮ್ಮ ಕೃಷ್ಣೆ-ಭೀಮೆಯರ ನಡುವೆಯೇ ಬೇಕಾದಷ್ಟು ಉದಾಹರಣೆಗಳಿವೆ.

ಬಿರುದು ಎಂಬ ಅಳತೆಗೋಲು

ಬಿರುದು ಎಂದರೇನು? ನಮ್ಮ ಶಾಸನಗಳ ಬಿರುದುಗಳನ್ನು ಗಮನಿಸಿ. ವಿಜಯನಗರದ ಅರಸರಿಗೆ ‘ಮೂರುರಾಯರ ಗಂಡ’, ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂಬ ಬಿರುದುಗಳಿದ್ದವು. ಮೈಸೂರು ಒಡೆಯರಿಗೆ ‘ಬಿರುದೆಂತೆಂಬರ ಗಂಡ’ ಎಂಬುದಿತ್ತು. ಪ್ರತಿ ಬಿರುದಿನಲ್ಲೂ ಇನ್ನೊಬ್ಬನಿದ್ದಾನೆ. ಸೋತ ಮೂರು ರಾಯರು ಇಲ್ಲದೆ ಗೆದ್ದ ಗಂಡನಿಲ್ಲ. ಭೌತಶಾಸ್ತ್ರದಲ್ಲಿ ಎತ್ತರವನ್ನು ಯಾವುದಾದರೂ ಒಂದು ಮಟ್ಟದಿಂದಲೇ ಅಳೆಯಬೇಕಾಗುತ್ತದಲ್ಲವೇ? ಬಿರುದೂ ಅಂಥದೇ. ಅದು ಒಬ್ಬನ ಗುಣವನ್ನು ಹೇಳುವುದಕ್ಕಿಂತ ಹೆಚ್ಚಾಗಿ ಇಬ್ಬರ ನಡುವಿನ ಅಂತರವನ್ನು ಹೇಳುತ್ತದೆ.

ಇದಕ್ಕೆ ವಿಜಾಪುರದಲ್ಲಿಯೇ ಒಂದು ಒಳ್ಳೆಯ ಉದಾಹರಣೆ ಇದೆ. (ಊರಿಗೆ 2014ರಿಂದ ವಿಜಯಪುರ ಎಂಬ ಹೆಸರು, ಹಳೆಯ ರಾಜ್ಯದ ಮಾತು ಬಂದಾಗ ವಿಜಾಪುರ ಎಂದೇ ಬರೆಯುತ್ತೇನೆ.) ಈ ರಾಜ್ಯವನ್ನು 1490ರ ಸುಮಾರಿಗೆ ಸ್ಥಾಪಿಸಿದವನು ಯೂಸುಫ್ ಆದಿಲ್ ಖಾನ್. ‘ಖಾನ್’ ಎಂಬುದು ಸರದಾರನ ಬಿರುದು. ಬಹಮನಿ ಸುಲ್ತಾನರ ಕೈಕೆಳಗಿನ ಅಧಿಕಾರಿಗೆ ಅದು ಸಾಕಾಗಿತ್ತು. ಸ್ವತಂತ್ರ ದೊರೆಗೆ ‘ಶಾಹ’ ಎಂಬ ಮಾತು ಬೇಕು. ಅದನ್ನು ವಿಧಿವತ್ತಾಗಿ ಇಟ್ಟುಕೊಂಡವನು 1534ರಲ್ಲಿ ಪಟ್ಟಕ್ಕೆ ಬಂದ 1ನೆಯ ಇಬ್ರಾಹಿಂ. ವಿಜಾಪುರದವರು ಅಂದಿನಿಂದ ತಮ್ಮನ್ನು ಆದಿಲ್ ಶಾಹ ಎಂದು ಕರೆದುಕೊಂಡರು. ಆದರೆ ಮೊಗಲರು ಒಪ್ಪಲಿಲ್ಲ. ಅವರ ಬರಹಗಳಲ್ಲಿ ವಿಜಾಪುರದ ದೊರೆ ‘ಆದಿಲ್ ಖಾನ್’ ಆಗಿಯೇ ಉಳಿದ. ಪಾದಶಾಹ ಜಹಾಂಗೀರನ ಆತ್ಮಕಥೆಯಲ್ಲೂ ಅವನು ಖಾನನೇ.

ಗೋಳಗುಮ್ಮಟದಲ್ಲಿ ಮಣ್ಣಾಗಿರುವ ಮುಹಮ್ಮದ್ ಆದಿಲ್ ಶಾಹ ಪಟ್ಟಕ್ಕೆ ಬಂದದ್ದು 1627ರಲ್ಲಿ. 1636ರ ಒಪ್ಪಂದದಲ್ಲಿ ಅವನು ಮೊಗಲರ ಮೇಲಾಧಿಪತ್ಯವನ್ನು ಒಪ್ಪಿ 20 ಲಕ್ಷ ರೂಪಾಯಿ ಕಾಣಿಕೆ ಕೊಡಬೇಕಾಯಿತು. ಅವನಿಗೆ ಶಹಜಹಾನನು ‘ಶಾಹ’ ಎಂಬ ಬಿರುದನ್ನು ಮನ್ನಿಸಿದ್ದು 1648ರಲ್ಲಿ. ಅಷ್ಟು ದೊಡ್ಡ ಗುಮ್ಮಟ ಕಟ್ಟಿಸುವ ಶಕ್ತಿಯಿದ್ದ ದೊರೆ, ಇನ್ನೊಬ್ಬನ ಪತ್ರದಲ್ಲಿ ಎರಡಕ್ಷರ ಬದಲಾಗಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಬಿರುದು ನಾವು ಇಟ್ಟುಕೊಂಡರೆ ಬರುವುದಿಲ್ಲ, ಮಗ್ಗುಲಲ್ಲಿರುವವನು ಕರೆದಾಗ ಬರುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪಾಠವೂ ಹೇಳಲಾರದು.

ಕೊಟ್ಟವರು ಕಸಿದುಕೊಳ್ಳಲೂ ಬಲ್ಲರು. 2025ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ದೊರೆ 3ನೆಯ ಚಾರ್ಲ್ಸ್ ತಮ್ಮ ಸ್ವಂತ ತಮ್ಮನಾದ ಆಂಡ್ರ್ಯೂ ಅವರ ‘ಪ್ರಿನ್ಸ್’ ಎಂಬ ಬಿರುದನ್ನು ತೆಗೆಯಲು ಕ್ರಮ ಕೈಗೊಂಡಾಗ ಜಗತ್ತಿನ ಪತ್ರಿಕೆಗಳೆಲ್ಲ ಅದನ್ನೇ ಬರೆದವು. ರಾಜ್ಯಭಾರದ ಅಧಿಕಾರ ಎಂದೋ ಸಂಸತ್ತಿನ ಕೈಗೆ ಹೋಗಿರುವ ದೇಶದಲ್ಲೂ ಒಂದು ಪದ ಹೋದದ್ದು ಅಷ್ಟು ದೊಡ್ಡ ಸುದ್ದಿಯಾಯಿತು.

ತಮ್ಮನ ಪರವಾಗಿ ಒಂದು ಕಾವ್ಯ

ಈಗ ಎರಡನೆಯ ಕುತೂಹಲಕ್ಕೆ ಬರೋಣ. ರಾಜಮನೆತನದ ಒಳಜಗಳವನ್ನು ಬರೆದಿಡುವುದು ಹೊಸ ಪದ್ಧತಿಯೇನಲ್ಲ. ಕಲ್ಯಾಣದ ಚಾಲುಕ್ಯರಲ್ಲಿ 1068ರಲ್ಲಿ 1ನೆಯ ಸೋಮೇಶ್ವರನು ತೀರಿಕೊಂಡಾಗ ಹಿರಿಯ ಮಗ 2ನೆಯ ಸೋಮೇಶ್ವರನು ಪಟ್ಟಕ್ಕೆ ಬಂದ. ಎಂಟು ವರ್ಷಗಳ ಮೇಲೆ, 1076ರಲ್ಲಿ, ತಮ್ಮ ವಿಕ್ರಮಾದಿತ್ಯನು ಅಣ್ಣನನ್ನು ಇಳಿಸಿ ತಾನೇ ದೊರೆಯಾದ. ಅಣ್ಣನ ಬಿರುದು ‘ಭುವನೈಕಮಲ್ಲ’, ಅಂದರೆ ಲೋಕಕ್ಕೆಲ್ಲ ಒಬ್ಬನೇ ಮಲ್ಲ. ತಮ್ಮನ ಬಿರುದು ‘ತ್ರಿಭುವನಮಲ್ಲ’, ಮೂರು ಲೋಕಗಳ ಮಲ್ಲ. ಬಿರುದಿನಲ್ಲಿ ತಮ್ಮನಿಗೆ ಎರಡು ಲೋಕ ಹೆಚ್ಚು!

ಅಣ್ಣನನ್ನು ಇಳಿಸಿದ್ದು ಸರಿಯೇ? ಇದಕ್ಕೆ ಉತ್ತರ ಹೇಳಿದವನು ಕಾಶ್ಮೀರದಿಂದ ಬಂದು ವಿಕ್ರಮಾದಿತ್ಯನ ಆಸ್ಥಾನ ಸೇರಿದ ಕವಿ ಬಿಲ್ಹಣ. ಅವನ ‘ವಿಕ್ರಮಾಂಕದೇವಚರಿತ’ದ ಪ್ರಕಾರ ತಂದೆಗೆ ತಮ್ಮನನ್ನೇ ಯುವರಾಜ ಮಾಡುವ ಮನಸ್ಸಿತ್ತು, ಅಣ್ಣನಿರುವಾಗ ನನಗೆ ಬೇಡ ಎಂದು ತಮ್ಮನೇ ನಿರಾಕರಿಸಿದ, ಅಣ್ಣ ಮುಂದೆ ದುರ್ಮಾರ್ಗ ಹಿಡಿದ, ಕೊನೆಗೆ ಶಿವನೇ ಆಜ್ಞೆ ಮಾಡಿದ್ದರಿಂದ ತಮ್ಮ ಪಟ್ಟವನ್ನು ಒಪ್ಪಿಕೊಳ್ಳಬೇಕಾಯಿತು. ಈ ಕವಿಗೆ ‘ವಿದ್ಯಾಪತಿ’ ಎಂಬ ಬಿರುದು ಕೊಟ್ಟವನು ಯಾರು ಗೊತ್ತೇ? ಅದೇ ವಿಕ್ರಮಾದಿತ್ಯ. ಇಳಿಸಲ್ಪಟ್ಟ ಅಣ್ಣನ ಪರವಾಗಿ ಕಾವ್ಯ ಬರೆದವರು ಯಾರೂ ನಮಗೆ ಸಿಕ್ಕಿಲ್ಲ. ಅವನ ಕಾಲದ ಶಾಸನಗಳು ಮಾತ್ರ ಅವನನ್ನು ದೊರೆಯೆಂದು ಗೌರವದಿಂದಲೇ ಕರೆಯುತ್ತವೆ.

ಇದನ್ನು ಓದುವಾಗ ನಿಮಗೆ ಇತ್ತೀಚಿನ ಇನ್ನೊಬ್ಬ ತಮ್ಮನ ನೆನಪು ಬರಬಹುದು. ಬ್ರಿಟನ್ನಿನ ರಾಜಕುಮಾರ ಹ್ಯಾರಿ ಅವರ ‘ಸ್ಪೇರ್’ ಎಂಬ ಆತ್ಮಕಥೆ 2023ರ ಜನವರಿಯಲ್ಲಿ ಹೊರಬಂತು. ಸ್ಪೇರ್ ಎಂದರೆ ಗಾಡಿಯ ಡಿಕ್ಕಿಯಲ್ಲಿಟ್ಟ ಹೆಚ್ಚುವರಿ ಗಾಲಿಯ ಹಾಗೆ: ಅಣ್ಣನಿಗೆ ಏನಾದರೂ ಆದರೆ ಇರಲಿ ಎಂದು ಇಟ್ಟುಕೊಂಡವನು. ಬ್ರಿಟನ್, ಅಮೆರಿಕ, ಕೆನಡಾಗಳಲ್ಲಿ ಮೊದಲ ದಿನವೇ 14 ಲಕ್ಷಕ್ಕೂ ಹೆಚ್ಚು ಪ್ರತಿಗಳು ಹೋದವು ಎಂದು ಪ್ರಕಾಶಕರು ತಿಳಿಸಿದರು. ಅದರ ಬರವಣಿಗೆಗೂ ಅಮೆರಿಕದ ಒಬ್ಬ ಪತ್ರಕರ್ತರ ನೆರವಿತ್ತು. ಒಂಬೈನೂರಕ್ಕೂ ಹೆಚ್ಚು ವರ್ಷಗಳ ಅಂತರವಿದ್ದರೂ ಎರಡು ಪುಸ್ತಕಗಳ ಸಂದರ್ಭ ಒಂದೇ: ತಮ್ಮನ ಮಾತು, ಬೇರೆಯವರ ಲೇಖನಿ, ಅಣ್ಣನ ಮೌನ.

ಹೊಗೆಯ ಕಥೆ

ಹಾಗಾದರೆ ಇಂಥ ಬರಹಗಳನ್ನು ನಂಬಲೇಬಾರದೇ? ಅವಸರ ಬೇಡ. 1603-04ರಲ್ಲಿ ಅಕ್ಬರನ ರಾಯಭಾರಿಯಾಗಿ ಅಸದ್ ಬೇಗ್ ಎಂಬವನು ವಿಜಾಪುರಕ್ಕೆ ಬಂದಿದ್ದ. ಇಲ್ಲಿಯ ಸುಲ್ತಾನ 2ನೆಯ ಇಬ್ರಾಹಿಂ ಆದಿಲ್ ಶಾಹನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಗೊತ್ತುಮಾಡಿದ್ದರು. ಆಕೆಯನ್ನು ಕರೆದೊಯ್ಯುವ ಕೆಲಸ ಅವನದು. ಆ ಇಬ್ರಾಹಿಂ ‘ಜಗದ್ಗುರು’ ಎಂದು ಕರೆಸಿಕೊಂಡ ಸಂಗೀತಪ್ರಿಯ ದೊರೆ. ದಖನಿಯಲ್ಲಿ ‘ಕಿತಾಬ್-ಎ-ನವರಸ’ ಬರೆದವನು. ಅಸದ್ ಬೇಗ್ ತನ್ನ ಅನುಭವಗಳನ್ನು ಬರೆದಿಟ್ಟ. ತನ್ನ ಚಾತುರ್ಯವನ್ನು ತಾನೇ ಹೊಗಳಿಕೊಳ್ಳುವ ಭಾಗಗಳು ಅದರಲ್ಲಿ ಸಾಕಷ್ಟಿವೆ. ಆದರೆ ನಡುವೆ ಒಂದು ಸಣ್ಣ ಸಂಗತಿ ಬರುತ್ತದೆ. ತಾನು ಮೊದಲ ಬಾರಿಗೆ ತಂಬಾಕನ್ನು ಕಂಡದ್ದು ವಿಜಾಪುರದಲ್ಲಿ. ರತ್ನ ಕೆತ್ತಿಸಿದ ಸೇದುವ ಕೊಳವೆಯ ಜೊತೆ ಅದನ್ನು ಅಕ್ಬರನಿಗೆ ಒಯ್ದು ಕೊಟ್ಟೆ. ಪಾದಶಾಹ ಒಂದೆರಡು ದಮ್ಮು ಎಳೆದಾಗ ಹಕೀಮರು ಬೇಡವೆಂದರು ಎಂದು ಬರೆಯುತ್ತಾನೆ.

ಅಮೆರಿಕ ಖಂಡದ ಒಂದು ಗಿಡ ಉತ್ತರ ಭಾರತದ ಅರಮನೆಗೆ ಯಾವ ದಾರಿಯಿಂದ ಬಂತು ಎಂಬುದಕ್ಕೆ ಇಂದಿಗೂ ವಿದ್ವಾಂಸರು ಈ ಪುಟವನ್ನು ತೆರೆಯುತ್ತಾರೆ. ಬರೆದವನು ಹೆಚ್ಚು ಲಕ್ಷ್ಯವಿಲ್ಲದೆ ಹೇಳಿಹೋದ ಮಾತು, ಅವನು ಒತ್ತಿ ಹೇಳಿದ ಮಾತಿಗಿಂತ ಎಷ್ಟೋ ಸಲ ಹೆಚ್ಚು ಬಾಳುತ್ತದೆ.

ಇನ್ನು ದೊರೆಗಳೇ ಬಾಯಿ ಬಿಟ್ಟದ್ದೂ ಉಂಟು. ಜಹಾಂಗೀರನು ತನ್ನ ಆತ್ಮಕಥೆಯಲ್ಲಿ ದಿನಕ್ಕೆ 20 ಬಟ್ಟಲು ಮದ್ಯ ಕುಡಿಯುತ್ತಿದ್ದುದನ್ನು ಬರೆದಿದ್ದಾನೆ. ತನ್ನ ತಂದೆಯ ಆಪ್ತ ಅಬುಲ್ ಫಜಲನನ್ನು 1602ರಲ್ಲಿ ಕೊಲ್ಲಿಸಿದ್ದು ತಾನೇ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ಹಾಗೆ ಹೇಳಬಲ್ಲವನಾದದ್ದು, ಕೇಳುವವರು ಯಾರೂ ಉಳಿದಿಲ್ಲದಿದ್ದ ಕಾರಣಕ್ಕೆ ಎಂಬುದನ್ನೂ ಮರೆಯಬಾರದು.

ಸುರಪುರದ ಒಳಮನೆ

ಈಗ ನಮ್ಮ ನೆರೆಯ ಸುರಪುರಕ್ಕೆ ಹೋಗೋಣ. ಇಂದು ಅದು ಯಾದಗಿರಿ ಜಿಲ್ಲೆಯಲ್ಲಿದೆ. ಬೇಡ ನಾಯಕರ ಆ ಸಂಸ್ಥಾನದ ಬಿರುದಾವಳಿಯಲ್ಲಿ ‘ಬಲವಂತ ಬಹರಿ ಬಹಾದ್ದೂರ್’ ಎಂಬ ಮಾತಿತ್ತು. ಆದರೆ 19ನೆಯ ಶತಮಾನಕ್ಕೆ ಬರುವ ಹೊತ್ತಿಗೆ ಈ ಬಹಾದ್ದೂರರು ನಿಜಾಮನಿಗೆ ಕಪ್ಪ ಕೊಡುವವರಾಗಿದ್ದರು. 1828ರಲ್ಲಿ ಕೃಷ್ಣಪ್ಪ ನಾಯಕನು ಪಟ್ಟಕ್ಕೆ ಬಂದಾಗ ಆ ಪಟ್ಟಕ್ಕೆ ಮಾನ್ಯತೆ ಪಡೆಯಲು 15 ಲಕ್ಷ ರೂಪಾಯಿ ನಜರಾಣೆಗೆ ಒಪ್ಪಬೇಕಾಯಿತು. ಆ ಬಾಕಿಯ ಭಾರದಿಂದ ಸಂಸ್ಥಾನ ತಲೆಯೆತ್ತಲಿಲ್ಲ. ಬಿರುದಿನ ಬೆಲೆಯನ್ನು ತೆತ್ತವರು ಅಲ್ಲಿಯ ರೈತರು.

1841ರಲ್ಲಿ ಅಲ್ಲಿಗೆ ಬಂದವನು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿಹರೆಯದಲ್ಲೇ ಹಿಂದೂಸ್ತಾನಕ್ಕೆ ಬಂದು ನಿಜಾಮನ ಸೈನ್ಯ ಸೇರಿದವನು. 1839ರಲ್ಲಿ ಠಗರನ್ನು ಕುರಿತು ಬರೆದ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದ. 1842ರಲ್ಲಿ ಕೃಷ್ಣಪ್ಪ ನಾಯಕನು ತೀರಿಕೊಂಡ. ಮಗ ವೆಂಕಟಪ್ಪ ನಾಯಕನು ಇನ್ನೂ ಚಿಕ್ಕ ಹುಡುಗ. ಆಡಳಿತ ಯಾರ ಕೈಯಲ್ಲಿರಬೇಕು? ತಾಯಿ ರಾಣಿ ಈಶ್ವರಮ್ಮನ ಕೈಯಲ್ಲೋ, ಚಿಕ್ಕಪ್ಪ ಪಿಡ್ಡ ನಾಯಕನ ಕೈಯಲ್ಲೋ, ಅಥವಾ ಬ್ರಿಟಿಷ್ ಅಧಿಕಾರಿ ಟೇಲರನ ಕೈಯಲ್ಲೋ? ಈ ಮೂವರ ನಡುವಿನ ಎಳೆದಾಟದಲ್ಲಿ ವರ್ಷಗಳು ಕಳೆದವು. 1853ರಲ್ಲಿ ಟೇಲರನು ರಾಜ್ಯವನ್ನು ವೆಂಕಟಪ್ಪ ನಾಯಕನಿಗೆ ಒಪ್ಪಿಸಿ ಹೊರಟ.

1858ರ ಫೆಬ್ರುವರಿಯಲ್ಲಿ ಸುರಪುರದ ಬಳಿ ಬ್ರಿಟಿಷ್ ಪಡೆಗೂ ನಾಯಕನ ಜನರಿಗೂ ಕಾಳಗವಾಯಿತು. ನಾಯಕನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕ. ಸಿಕಂದರಾಬಾದಿನ ಬಂದೀಖಾನೆಯಲ್ಲಿ ಟೇಲರನು ಅವನನ್ನು ಕಂಡ. ಹುಡುಗನಾಗಿದ್ದಾಗಿನಿಂದ ಅವನು ಟೇಲರನನ್ನು ಕರೆಯುತ್ತಿದ್ದದ್ದು ‘ಅಪ್ಪ’ ಎಂದು. ನಿನ್ನನ್ನು ಪ್ರೇರೇಪಿಸಿದವರ ಹೆಸರು ಹೇಳು ಎಂದು ಕೇಳಿದಾಗ ನಾಯಕನು ಹೇಳಲಿಲ್ಲ. ಮರಣದಂಡನೆಯನ್ನು ಮೊದಲು ಕರಿನೀರಿನ ಶಿಕ್ಷೆಗೆ, ಆಮೇಲೆ ಗವರ್ನರ್ ಜನರಲ್ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಸಿದರು. ಮದರಾಸು ಸೀಮೆಯ ಚೆಂಗಲ್ಪಟ್ಟಿನ ಕಡೆಗೆ ಕರೆದೊಯ್ಯುವಾಗ ದಾರಿಯಲ್ಲಿಯೇ ಗುಂಡೇಟಿನಿಂದ ಅವನ ಸಾವಾಯಿತು. ಸಂಸ್ಥಾನವನ್ನು 1860ರಲ್ಲಿ ನಿಜಾಮನಿಗೆ ಕೊಟ್ಟುಬಿಟ್ಟರು. ಸುರಪುರದ ಜನ ಅವನನ್ನು ಇಂದಿಗೂ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ವೀರನೆಂದು ನೆನೆಯುತ್ತಾರೆ.

ಈ ಮನೆತನದ ಒಳಗಿನ ಸಂಗತಿ ನಮಗೆ ಮುಖ್ಯವಾಗಿ ಬಂದದ್ದು ಒಂದೇ ಪುಸ್ತಕದಿಂದ. ಅದು ಟೇಲರನ ಆತ್ಮಕಥೆ. ಅವನು 1876ರಲ್ಲಿ ತೀರಿಕೊಂಡ; ಮಗಳು ಆಲಿಸ್ ಅದನ್ನು ಸಂಪಾದಿಸಿ 1877ರಲ್ಲಿ ಪ್ರಕಟವಾಯಿತು. ರಾಣಿಯ ಸಿಟ್ಟು, ದರಬಾರಿನ ಗುಂಪುಗಾರಿಕೆ, ಬಾಲರಾಜನ ಪ್ರೀತಿ, ಸೆರೆಮನೆಯ ಕಣ್ಣೀರು ಎಲ್ಲವೂ ಅದರಲ್ಲಿದೆ. ಓದಲು ಕುಳಿತರೆ ಕೆಳಗಿಡಲು ಮನಸ್ಸಾಗುವುದಿಲ್ಲ. ಅದಕ್ಕಾಗಿಯೇ ನಾವು ಎಚ್ಚರದಿಂದಿರಬೇಕು.

ಶೂನ್ಯ ದೋಷ

ನಾನು ವಿಜ್ಞಾನ ಓದಿದವನು. ಪ್ರಯೋಗಶಾಲೆಯಲ್ಲಿ ನೀವು ವರ್ನಿಯರ್ ಕ್ಯಾಲಿಪರ್ಸ್ ಬಳಸಿರುತ್ತೀರಿ. ಅದರ ಎರಡು ದವಡೆಗಳನ್ನು ಕೂಡಿಸಿದಾಗ ಎರಡು ಸೊನ್ನೆಗೆರೆಗಳು ಒಂದಕ್ಕೊಂದು ಸೇರಬೇಕು. ಸೇರದಿದ್ದರೆ ಅದಕ್ಕೆ ಶೂನ್ಯ ದೋಷ ಎನ್ನುತ್ತೇವೆ. ಆಗ ಉಪಕರಣವನ್ನು ಎಸೆಯುವುದಿಲ್ಲ. ದೋಷ ಎಷ್ಟು, ಯಾವ ಕಡೆಗೆ ಎಂದು ಬರೆದುಕೊಂಡು ಪ್ರತಿ ಅಳತೆಯಿಂದ ಅಷ್ಟನ್ನು ಕಳೆಯುತ್ತೇವೆ, ಇಲ್ಲವೇ ಕೂಡಿಸುತ್ತೇವೆ. ಆತ್ಮಕಥೆಯನ್ನೂ ಹೀಗೆಯೇ ಓದಬೇಕು. ಟೇಲರನ ಶೂನ್ಯ ದೋಷವನ್ನು ಹುಡುಕೋಣ.

ಒಂದು: ಅವನು ಪ್ರೇಕ್ಷಕನಲ್ಲ, ಕಕ್ಷಿದಾರ. ರಾಣಿಯ ಕೈಯಿಂದ ಅಧಿಕಾರ ತಪ್ಪಿದಷ್ಟೂ ಅವನ ಕೈ ಬಲವಾಗುತ್ತಿತ್ತು. ಅಂಥವನು ರಾಣಿಯ ಖಾಸಗಿ ಬದುಕನ್ನು ಕುರಿತು ಕಟುವಾಗಿ ಬರೆದಾಗ ನಾವು ಅಲ್ಲಿ ಒಂದು ಗುರುತು ಹಾಕಿಕೊಳ್ಳಬೇಕು.

ಎರಡು: ಕಂಡದ್ದು ಯಾವುದು, ಕೇಳಿದ್ದು ಯಾವುದು? ಸೆರೆಮನೆಯಲ್ಲಿ ನಾಯಕನ ಜೊತೆ ಮಾತಾಡಿದ್ದು ಅವನು ಕಂಡದ್ದು. ನಾಯಕನು ತಾನೇ ಗುಂಡು ಹಾರಿಸಿಕೊಂಡ ಎಂಬುದು ಅವನು ಕೇಳಿದ್ದು; ಆ ಸ್ಥಳದಲ್ಲಿ ಅವನಿರಲಿಲ್ಲ. ಪುಸ್ತಕದಲ್ಲಿ ಎರಡೂ ಒಂದೇ ಧಾಟಿಯಲ್ಲಿ ಬರುತ್ತವೆ. ಬೇರೆ ಮಾಡುವ ಕೆಲಸ ಓದುಗನದು.

ಮೂರು: ಬರೆದದ್ದು ಯಾವಾಗ? ವೆಂಕಟಪ್ಪ ನಾಯಕನು 24ನೆಯ ವರ್ಷವನ್ನು ದಾಟುವುದಿಲ್ಲ ಎಂದು ಜಾತಕದಲ್ಲಿತ್ತು, ಆ ಗುಟ್ಟನ್ನು ರಾಣಿ ನನಗೆ ಹೇಳಿದ್ದಳು ಎಂದು ಟೇಲರನು ಬರೆಯುತ್ತಾನೆ. ಪುಸ್ತಕದಲ್ಲಿ ಹೆಚ್ಚು ಜನರಿಗೆ ನೆನಪಿರುವ ಭಾಗ ಇದೇ. ಆದರೆ ಓದುಗರ ಕೈಗೆ ಈ ಭವಿಷ್ಯ ಬಂದದ್ದು 1877ರಲ್ಲಿ, ನಾಯಕನು ಸತ್ತು 19 ವರ್ಷಗಳಾದ ಮೇಲೆ. ಫಲಿತಾಂಶ ಗೊತ್ತಾದ ಮೇಲೆ ಓದುಗರ ಮುಂದೆ ಬಂದ ಭವಿಷ್ಯವನ್ನು ವಿಜ್ಞಾನದ ವಿದ್ಯಾರ್ಥಿ ಪುರಾವೆಯೆಂದು ಎಣಿಸುವುದಿಲ್ಲ. ಬರೆದವನು ಕಾದಂಬರಿಕಾರನೂ ಹೌದು ಎಂಬುದನ್ನೂ ಬದಿಯಲ್ಲಿ ಬರೆದುಕೊಳ್ಳಿ.

ನಾಲ್ಕು: ಬರೆದದ್ದು ಯಾರಿಗಾಗಿ? ಇಂಗ್ಲೆಂಡಿನ ಓದುಗರಿಗಾಗಿ. ಅವನಿಗೂ 1869ರಲ್ಲಿ ಬ್ರಿಟಿಷ್ ಸರಕಾರ ಸಿ.ಎಸ್.ಐ. ಎಂಬ ಬಿರುದನ್ನು ಕೊಟ್ಟಿತ್ತು. ಅರಮನೆಯ ಬಿರುದುಗಳ ಒಳಗನ್ನು ತೋರಿಸಿದವನ ಹೆಸರಿನ ಮುಂದೆಯೂ ಮೂರಕ್ಷರದ ಬಿರುದು ಇತ್ತು.

ಇಷ್ಟು ದೋಷಗಳನ್ನು ಕಳೆದ ಮೇಲೂ ಪುಸ್ತಕದಲ್ಲಿ ಬೇಕಾದಷ್ಟು ಉಳಿಯುತ್ತದೆ. ಸಂಸ್ಥಾನದ ಸಾಲದ ಲೆಕ್ಕ, ಕಂದಾಯದ ಗೊಂದಲ, ರಸ್ತೆ ಮತ್ತು ಕೆರೆಗಳ ಕೆಲಸ. ಇವನ್ನು ಬೇರೆ ದಾಖಲೆಗಳ ಜೊತೆ ಹೋಲಿಸಿ ನೋಡಬಹುದು. ಅವನು ವಾಸವಾಗಿದ್ದ ಗುಡ್ಡದ ಮೇಲಿನ ಬಂಗಲೆ, ಟೇಲರ್ ಮಂಜಿಲ್, ಸುರಪುರದಲ್ಲಿ ನೋಡಸಿಗುತ್ತದೆ. ಆ ಹುಡುಗನ ಮೇಲೆ ಅವನಿಗಿದ್ದ ಪ್ರೀತಿಯನ್ನೂ ಸುಳ್ಳು ಎನ್ನಲು ಕಾರಣವಿಲ್ಲ. ಪ್ರೀತಿಯಿದ್ದವರೂ ಪಕ್ಷಪಾತಿಗಳಾಗಬಹುದು, ಅಷ್ಟೇ.

ಬರೆಯದೆ ಉಳಿದವರು

ನನಗೆ ಈ ಕಥೆಯಲ್ಲಿ ಹೆಚ್ಚು ಕಾಡುವುದು ರಾಣಿ ಈಶ್ವರಮ್ಮನ ಮಾತು. ಗಂಡನನ್ನು ಕಳೆದುಕೊಂಡ, ಮಗನ ಪಟ್ಟವನ್ನು ಕಾಯಬೇಕಾದ, ಒಂದು ಕಡೆ ಮೈದುನ, ಇನ್ನೊಂದು ಕಡೆ ಪರದೇಶದ ಅಧಿಕಾರಿ, ಮೇಲೆ ನಿಜಾಮನ ಬಾಕಿ ಇದ್ದ ಹೆಣ್ಣುಮಗಳು ಆಕೆ. ಅವಳ ಕೋಪಕ್ಕೆ ಅವಳದೇ ಕಾರಣಗಳಿದ್ದಿರಬೇಕು. ಅವಳು ಆತ್ಮಕಥೆ ಬರೆಯಲಿಲ್ಲ. ಹಾಗಾಗಿ ಜಗತ್ತಿನ ಗ್ರಂಥಾಲಯಗಳಲ್ಲಿ ಅವಳು ಇಂದಿಗೂ ಅವಳ ಎದುರಾಳಿ ಬರೆದಂತೆಯೇ ಇದ್ದಾಳೆ. ಟೇಲರನೇ ವಿಜಾಪುರದ ಸೊಸೆಯಾಗಿ ಬಂದ ಅಹಮದನಗರದ ಚಾಂದ್‌ಬೀಬಿಯನ್ನು ಕುರಿತು ಒಂದು ಮೆಚ್ಚುಗೆಯ ಕಾದಂಬರಿ ಬರೆದ. ಅದು ಅವನ ಮರಣಾನಂತರ 1878ರಲ್ಲಿ ಬಂತು. ಎಂದೋ ಸತ್ತುಹೋದ ರಾಣಿಯನ್ನು ಹೊಗಳುವುದು ಸುಲಭ. ತನ್ನ ಎದುರು ಕುಳಿತು ವಾದಿಸುವ ರಾಣಿಗೆ ನ್ಯಾಯ ಕೊಡುವುದು ಕಷ್ಟ.

ಲೇಖನಿ ಇಲ್ಲದವರು ಪೂರಾ ಸುಮ್ಮನಿರಲಿಲ್ಲ ಎಂಬುದೇ ಸಮಾಧಾನ. 1857ರ ನವೆಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲು ನಿರಾಕರಿಸಿ ಬ್ರಿಟಿಷರ ಗುಂಡಿಗೆ ಬಲಿಯಾದರು. ಆ ಕಥೆಯನ್ನು ಲಾವಣಿಕಾರರು ಹಾಡಿ ಉಳಿಸಿದರು. ಶಾಸನಗಳ ವಿದ್ವಾಂಸ ಜೆ. ಎಫ್. ಫ್ಲೀಟ್ ಅಂಥ ಲಾವಣಿಗಳನ್ನು ಸಂಗ್ರಹಿಸಿ ಅಚ್ಚು ಮಾಡಿಸಿದ. ಲಾವಣಿಗೂ ಶೂನ್ಯ ದೋಷ ಉಂಟು; ಅದು ವೀರನನ್ನು ಇನ್ನಷ್ಟು ವೀರನಾಗಿ ಮಾಡುತ್ತದೆ. ಆದರೆ ಅದರ ದೋಷ ಟೇಲರನ ದೋಷದ ವಿರುದ್ಧ ದಿಕ್ಕಿನದು. ಎರಡನ್ನೂ ಪಕ್ಕದಲ್ಲಿಟ್ಟಾಗ ಸತ್ಯ ಎಲ್ಲಿರಬಹುದು ಎಂಬುದು ಸ್ವಲ್ಪ ಗೋಚರಿಸುತ್ತದೆ.

ಬಿರುದುಗಳು ಹೋದ ಮೇಲೆ

ಸ್ವತಂತ್ರ ಭಾರತ ಬಿರುದುಗಳ ವಿಷಯದಲ್ಲಿ ಏನು ಮಾಡಿತು? ಸಂವಿಧಾನದ 18ನೆಯ ಅನುಚ್ಛೇದದ ಪ್ರಕಾರ ಸೇನೆ ಮತ್ತು ವಿದ್ಯೆಗೆ ಸಂಬಂಧಿಸಿದ ಗೌರವಗಳನ್ನು ಬಿಟ್ಟು ಸರಕಾರ ಯಾವ ಬಿರುದನ್ನೂ ಕೊಡುವಂತಿಲ್ಲ. ಜಮಖಂಡಿ, ಮುಧೋಳ, ಜತ್ತ ಮುಂತಾದ ನಮ್ಮ ನೆರೆಯ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಆದರೆ ಮಾಜಿ ಅರಸರ ಮಾನ್ಯತೆ ಮತ್ತು ರಾಜಧನ ಮುಂದುವರಿದಿತ್ತು. ಮೈಸೂರಿನ ಜಯಚಾಮರಾಜ ಒಡೆಯರ್ ಅವರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ಗೊತ್ತಾಗಿತ್ತು. 1970ರಲ್ಲಿ ರಾಷ್ಟ್ರಪತಿಗಳ ಆದೇಶದಿಂದ ಮಾನ್ಯತೆ ರದ್ದಾದಾಗ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕೊನೆಗೆ 1971ರ ಡಿಸೆಂಬರಿನಲ್ಲಿ ಸಂವಿಧಾನದ 26ನೆಯ ತಿದ್ದುಪಡಿ ಬಂದು ಮಾನ್ಯತೆ, ರಾಜಧನ ಎರಡೂ ಮುಗಿದವು.

ಹಳ್ಳಿಯ ಮಟ್ಟದಲ್ಲಿ ಇದಕ್ಕಿಂತ ಮೊದಲೇ ಬದಲಾವಣೆ ನಡೆದಿತ್ತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಮಾಡುವ 1961ರ ಕಾಯ್ದೆ 1963ರ ಫೆಬ್ರುವರಿಯಲ್ಲಿ ಜಾರಿಗೆ ಬಂತು. ಅಂದಿನಿಂದ ಪಾಟೀಲ ಎಂಬುದು ಹುದ್ದೆಯಲ್ಲ, ಬರಿಯ ಹೆಸರು.

ಕುತೂಹಲ ಮಾತ್ರ ರದ್ದಾಗಲಿಲ್ಲ. ಕಪೂರ್ತಲಾ ಮತ್ತು ಪಟಿಯಾಲಾ ಸಂಸ್ಥಾನಗಳಲ್ಲಿ ಮಂತ್ರಿಯಾಗಿದ್ದ ದಿವಾನ್ ಜರ್ಮನಿ ದಾಸ್ ಅವರ ‘ಮಹಾರಾಜ’ ಎಂಬ ಪುಸ್ತಕ ಬಂದದ್ದು ರಾಜಧನದ ಚರ್ಚೆ ನಡೆಯುತ್ತಿದ್ದ ಕಾಲದಲ್ಲಿಯೇ. ಅರಸರ ಭೋಗದ ಕಥೆಗಳಿಂದ ತುಂಬಿದ ಆ ಪುಸ್ತಕವನ್ನು ಜನ ಬಚ್ಚಿಟ್ಟುಕೊಂಡು ಓದಿದರು. ಇಂಗ್ಲೆಂಡಿನಲ್ಲಿ ರಾಜಕುಮಾರಿಯರಾದ ಎಲಿಜಬೆತ್ ಮತ್ತು ಮಾರ್ಗರೆಟ್ ಅವರಿಗೆ ಮನೆಯಲ್ಲಿ ಪಾಠ ಹೇಳಿದ ಮೇರಿಯನ್ ಕ್ರಾಫರ್ಡ್ 1950ರಲ್ಲಿ ಮಕ್ಕಳ ಬಾಲ್ಯವನ್ನು ಪ್ರೀತಿಯಿಂದಲೇ ಬರೆದರು. ರಾಜಮನೆತನ ಆಕೆಯ ಜೊತೆಗಿನ ಸಂಬಂಧವನ್ನೇ ಕಡಿದುಕೊಂಡಿತು. ಅಲ್ಲಿ ತಪ್ಪಾದದ್ದು ನಿಂದೆ ಮಾಡಿದ್ದಲ್ಲ, ಬಾಗಿಲು ತೆರೆದದ್ದು. ಬಿರುದು ಬಾಳುವುದು ದೂರದಲ್ಲಿ. ಹತ್ತಿರದಿಂದ ಕಂಡವರ ಮಾತು ಆ ದೂರವನ್ನು ಅಳಿಸುತ್ತದೆ.

ಇಂಥ ಪುಸ್ತಕಗಳನ್ನು ಓದಬೇಡಿ ಎಂದು ನಾನು ಹೇಳುವುದಿಲ್ಲ. ಕುತೂಹಲ ಇತಿಹಾಸದ ಬಾಗಿಲು. ಅಲ್ಲಿಯೇ ಕುಳಿತರೆ ಒಳಗೆ ಹೋದಂತಾಗುವುದಿಲ್ಲ. ಟೆಲಿವಿಷನ್‌ನಲ್ಲಿ ಕೆಲಸ ಮಾಡುವ ನಮಗೆ ಒಂದು ಅನುಭವವಿದೆ. ಕ್ಯಾಮೆರಾವನ್ನು ಎಲ್ಲಿ ಇಟ್ಟೆವೋ ಅಲ್ಲಿಂದ ಕಾಣುವುದಷ್ಟೇ ಚಿತ್ರದಲ್ಲಿ ಬರುತ್ತದೆ. ಪರದೆಯ ಅಂಚಿನಾಚೆ ನಿಂತವರು ಇಲ್ಲವೆಂದು ನೋಡುವವರು ತಿಳಿಯುತ್ತಾರೆ. ಮುಂದಿನ ಸಲ ಯಾವುದೇ ರಾಜಮನೆತನದ, ಸಿನಿಮಾದವರ ಅಥವಾ ರಾಜಕಾರಣಿಗಳ ಒಳಗಿನ ಕಥೆ ಕೈಗೆ ಬಂದಾಗ ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿ. ಎಡಗಡೆ ಇದನ್ನು ಹೇಳಿದವರು ಯಾರು, ಎಷ್ಟು ವರ್ಷಗಳ ಮೇಲೆ, ಯಾರಿಗಾಗಿ. ಬಲಗಡೆ ಇದರಲ್ಲಿ ಹೆಸರು ಬಂದು ಮಾತು ಬರದವರು ಯಾರು.

ಇನ್ನೊಂದು ಕೆಲಸವಿದೆ, ಇದಕ್ಕೆ ಪುಸ್ತಕವೂ ಬೇಡ. ನಿಮ್ಮ ಊರಿನಲ್ಲಿ ಹಳೆಯ ವಾಡೆ ಇದ್ದರೆ ಅಲ್ಲಿಯವರನ್ನು ಕೇಳಿ: ನಿಮ್ಮ ಅಡ್ಡಹೆಸರು ಹೇಗೆ ಬಂತು? ಆಮೇಲೆ ಅದೇ ಪ್ರಶ್ನೆಯನ್ನು ಆ ವಾಡೆಯಲ್ಲಿ ನೀರು ಹೊತ್ತವರ, ಹೊಲ ಉತ್ತವರ ಮನೆಯ ಅಜ್ಜಿಗೂ ಕೇಳಿ. ಇಬ್ಬರ ಉತ್ತರವನ್ನೂ ತಾರೀಖು ಹಾಕಿ ಒಂದೇ ನೋಟು ಪುಸ್ತಕದಲ್ಲಿ ಬರೆದಿಡಿ. ಮೊದಲಿನವರ ಉತ್ತರ ಕಾಗದಪತ್ರಗಳಲ್ಲಿ ಎಲ್ಲಾದರೂ ಸಿಕ್ಕೀತು. ಅಜ್ಜಿಯ ಉತ್ತರ ಸಿಗುವುದು ಈಗ, ಅವಳ ಬಾಯಲ್ಲಿ ಮಾತ್ರ.